ಇವತ್ತು ಮಾಸ್ಟರ್ ಮುಗಿಸದ ಕೋಟು

ಜಗತ್ತಿನಲ್ಲಿ ಮೊದಲ ದರ್ಜಿ ಹುಟ್ಟಿದ ದಿನವೇ ‘ನಾಳೆ ಬನ್ನಿ’ ಎಂಬ ಮಾತೂ ಹುಟ್ಟಿತೆಂದು ತೋರುತ್ತದೆ. ಕತ್ತರಿಯಿಲ್ಲದ ದರ್ಜಿ ಇದ್ದಾನು, ಪಕ್ಕದ ಅಂಗಡಿಯಿಂದ ಕಡ ತಂದಾನು. ಸೂಜಿಯಿಲ್ಲದವನೂ ಇದ್ದಾನು, ಕಾಲರಿನಲ್ಲಿ ಮರೆತದ್ದನ್ನು ಗಿರಾಕಿ ಚೀರಿದಾಗ ಪತ್ತೆ ಹಚ್ಚಿಯಾನು. ‘ನಾಳೆ’ ಎನ್ನದ ದರ್ಜಿ ಮಾತ್ರ ನೆರಳಿಲ್ಲದ ಮನುಷ್ಯನ ಹಾಗೆ, ದೀಪ ಹಿಡಿದು ಹುಡುಕಿದರೂ ಸಿಗಲಾರ. ಲೋಕ ಹೀಗೆ ನಂಬಿಕೊಂಡು ತೂಕಡಿಸುತ್ತಿದ್ದ ಕಾಲದಲ್ಲಿ, ಗಡಿಯಾರ ಕಂಬದ ಹಿಂದಿನ ಬೀದಿಯಲ್ಲಿ ಒಬ್ಬ ಮಹಾಪುರುಷ ಅಂಗಡಿ ತೆರೆದ. ಬಂದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು: “ಇವತ್ತು.”

ಅವನ ಪ್ರತಾಪದ ಕಥೆಗಳು ಬೀದಿಗೆಲ್ಲ ಬಾಯಿಪಾಠ. ಪ್ಯಾಂಟಿನ ಬಟ್ಟೆ ಕೊಟ್ಟು ಎದುರಂಗಡಿಗೆ ಚಹಾ ಕುಡಿಯಲು ಹೋದವನು ಲೋಟ ಕೆಳಗಿಡುವುದರೊಳಗೆ ಪ್ಯಾಂಟು ಇಸ್ತ್ರಿಯಾಗಿ ಕಾಯುತ್ತಿತ್ತಂತೆ. ಒಂದು ಮದುವೆಯಲ್ಲಿ ಹೆಣ್ಣು ಮನಸ್ಸು ಬದಲಿಸಿ ‘ಒಲ್ಲೆ’ ಎಂದು ಹೇಳಿ ಕಳಿಸುವಷ್ಟರಲ್ಲಿ ಗಂಡು ಹೊಸ ಕೋಟು ತೊಟ್ಟು ಬಾಗಿಲಿಗೆ ಬಂದಿದ್ದನಂತೆ. ಕೋಟು ನೋಡಿದ ಹೆಣ್ಣು ಮರುಮಾತಾಡದೆ ಒಪ್ಪಿದಳಂತೆ. ಈಗ ಅವಳಿಗೆ ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ಬೈಗುಳ ಮಾಸ್ಟರಿಗೆ ಬರುತ್ತದೆ.

ಊರಿನ ಉಳಿದ ದರ್ಜಿಗಳು ಒಮ್ಮೆ ಗುಂಪು ಕಟ್ಟಿಕೊಂಡು ಬಂದು ಕೈಮುಗಿದಿದ್ದರು. “ಮಾಸ್ಟರ್, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ. ನಿಮ್ಮ ದೆಸೆಯಿಂದ ಜನ ನಮ್ಮನ್ನೂ ‘ಯಾವಾಗ’ ಅಂತ ಕೇಳೋಕೆ ಶುರು ಮಾಡಿದ್ದಾರೆ!”

ಮಾಸ್ಟರ್ ಅವರಿಗೆಲ್ಲ ಚಹಾ ತರಿಸಿ, ತಾನು ಹೂಜಿಯಿಂದ ಒಂದು ಲೋಟ ನೀರು ಕುಡಿದು, ಅವರಲ್ಲೊಬ್ಬನ ಅಂಗಿಯ ಕಿತ್ತುಹೋದ ಜೇಬನ್ನು ಅಲ್ಲೇ ಹೊಲಿದು ಕಳಿಸಿದ. ಅಂದಿನಿಂದ ಅವನ ಹೆಸರು ‘ಇವತ್ತು ಮಾಸ್ಟರ್’. ನಿಜವಾದ ಹೆಸರನ್ನು ಅಂಗಡಿಯ ಬೋರ್ಡೂ ಮರೆತಿತ್ತು, ಬಣ್ಣ ಹೋಗಿ.

ಇದು ಜಾಣತನವೋ, ದೈವದತ್ತ ವೇಗವೋ ಎಂದು ಬೀದಿ ತಲೆ ಕೆಡಿಸಿಕೊಂಡಿತ್ತು. ಎರಡೂ ಅಲ್ಲ. ಕಾರಣ ರಕ್ತದಲ್ಲಿತ್ತು.

ಮಾತಿಗೆ ಹೇಳುತ್ತಿಲ್ಲ, ರಕ್ತದಲ್ಲೇ ಇತ್ತು. ಉಳಿದವರ ರಕ್ತದ ಕೆಂಪು ಕಣಗಳು ಅಂಗಿಯ ಗುಂಡಿಯ ಹಾಗೆ ದುಂಡಗಿರುತ್ತವೆ, ಎಂಥ ಇಕ್ಕಟ್ಟಿನಲ್ಲೂ ನುಸುಳಿಕೊಂಡು ಹೋಗುತ್ತವೆ. ಇವನವು ಆಗಾಗ ಕುಡುಗೋಲಿನ ಹಾಗೆ ಬಾಗಿ ಸಂದಿಗೊಂದಿಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಸಿಕ್ಕಿಕೊಂಡ ಕಡೆ ಮೂಳೆಯೊಳಗೆ ಯಾರೋ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತು ಹೋದಂಥ ನೋವು. ಡಾಕ್ಟರುಗಳು ಇದನ್ನು ಸಿಕಲ್ ಸೆಲ್ ಎನ್ನುತ್ತಾರೆ. ಅಪ್ಪನಲ್ಲಿ ಅರ್ಧ ಇತ್ತು, ಅಮ್ಮನಲ್ಲಿ ಅರ್ಧ ಇತ್ತು. ಅರ್ಧ ಇದ್ದವರಿಬ್ಬರೂ ಕಲ್ಲುಗುಂಡಿನ ಹಾಗಿದ್ದರು. ಎರಡೂ ಅರ್ಧ ಸೇರಿ ಇವನಲ್ಲಿ ಪೂರ್ತಿಯಾಯಿತು. ಹಿರಿಯಳಾದ ಅಕ್ಕನಿಗೆ ರೋಗ ಬರಲಿಲ್ಲ, ಅಮ್ಮನ ನಾಲಿಗೆಯೊಂದು ಪೂರ್ತಿಯಾಗಿ ಬಂತು.

ಅವನು ಚಿಕ್ಕವನಿದ್ದಾಗ, ಆಸ್ಪತ್ರೆಯ ಪರದೆಯ ಈಚೆ ಮಲಗಿದ್ದಾಗ, ಆಚೆ ನಿಂತಿದ್ದ ದೊಡ್ಡ ಡಾಕ್ಟರು ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದ್ದರು: “ಇಪ್ಪತ್ತು ದಾಟೋದು ಕಷ್ಟ.” ಪರದೆ ತೆಳುವಾಗಿತ್ತು. ಅಮ್ಮ ಅತ್ತಳು. ಅವನು ಅಳಲಿಲ್ಲ. ಅರ್ಧ ಹೊಲಿದ ಬಟ್ಟೆ ಬಿಟ್ಟು ಹೋಗಬಾರದು ಎಂದು ಮಾತ್ರ ಅಂದುಕೊಂಡ, ಆಗಷ್ಟೇ ದರ್ಜಿಯ ಅಂಗಡಿಗೆ ಕಲಿಯಲು ಸೇರಿದ್ದ. ‘ನನ್ನ ಅಂಗಿ ಒಂದು ತೋಳಲ್ಲೇ ಉಳಿದುಹೋಯ್ತು’ ಎಂದು ಜನ ತನ್ನ ಹೆಣದ ಮುಂದೆ ನಿಂತು ಗೊಣಗಬಾರದು. ಇಷ್ಟೇ ಆ ಮಹಾವ್ರತದ ಮೂಲ.

ಇಪ್ಪತ್ತು ಬಂತು. ಎಲ್ಲರಿಗೂ ಹೇಳಬೇಕಾದದ್ದನ್ನು ಹೇಳಿ, ಕೊಡಬೇಕಾದದ್ದನ್ನು ಕೊಟ್ಟು ಸಿದ್ಧನಾದ. ಇಪ್ಪತ್ತೊಂದೂ ಬಂತು. ಬೀಳ್ಕೊಡಲು ಬಂದವರು ಅತ್ತು ಕೈಬೀಸಿದ ಮೇಲೂ ಬಸ್ಸು ಹೊರಡದೆ, ಕಿಟಕಿಯಲ್ಲಿ ಕೂತೇ ಇರಬೇಕಾದವನ ಮುಜುಗರ ಅವನದು. ಆಮೇಲೆ ಬಂದ ಡಾಕ್ಟರು ಮೂವತ್ತು ಎಂದರು. ಅವರ ನಂತರದವರು ‘ನಲವತ್ತರವರೆಗೆ ಎಳೀಬಹುದು’ ಎಂದರು. ಅಷ್ಟರಲ್ಲಿ ಮೊದಲನೆಯ ದೊಡ್ಡ ಡಾಕ್ಟರೇ ತೀರಿಕೊಂಡರು. ಅವರ ಕೊನೆಯ ಪ್ರಯಾಣದ ಕೋಟು ಕಂಕುಳಲ್ಲಿ ಬಿಗಿಯಾಗುತ್ತಿತ್ತು. ಮಾಸ್ಟರ್ ಅದನ್ನು ಬಿಚ್ಚಿ ಸಡಿಲ ಮಾಡಿ ಕೊಟ್ಟ, ಅದೇ ದಿನ.

ನೋವಿನ ಪಟ್ಟು ಬಿಗಿದು ಆಸ್ಪತ್ರೆ ಸೇರಿದಾಗಲೆಲ್ಲ ಅವನು ಅಕ್ಕನಿಗೆ ಕೊನೆಯ ಮಾತು ಹೇಳುತ್ತಿದ್ದ. ಮೊದಮೊದಲು ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ವರ್ಷ ಕಳೆದ ಹಾಗೆ ಮಂಚದ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಾ, “ಈ ಸಲ ಹೊಸದೇನಾದ್ರೂ ಇದ್ರೆ ಹೇಳು ಪುಟ್ಟ, ಹಳೇದು ನನಗೆ ಬಾಯಿಗೆ ಬರತ್ತೆ,” ಎನ್ನತೊಡಗಿದಳು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಯಾರೋ ಇವನನ್ನು ನೋಡಿಯೇ ಕಟ್ಟಿರಬೇಕು. ಬಾಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಗಾದೆ ಹೇಳಲಿಲ್ಲ.

ಈಗ ಅವನಿಗೆ ಐವತ್ತಾರು. ಕೂದಲು ಬೆಳ್ಳಗಾದಾಗ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, ಯಾರದೋ ವಸ್ತು ತಪ್ಪಿ ತನ್ನ ಮನೆಗೆ ಬಂದ ಹಾಗೆ ಅದನ್ನು ನೋಡಿದ್ದ. ಎಡಸೊಂಟದ ಕೀಲಿನ ಮೂಳೆಗೆ ರಕ್ತ ಸರಿಯಾಗಿ ಸಿಗದೆ ಅದು ಸವೆದಿತ್ತು. ಕಾಲಲ್ಲಿ ತುಳಿಯುವ ಯಂತ್ರಕ್ಕೆ ಮೋಟಾರು ಹಾಕಿಸಿದ, ಕೈಗೆ ಕೋಲು ಬಂತು. ಕಣ್ಣಿನ ಬಿಳಿ ಸದಾ ತುಸು ಹಳದಿ. ಬೇಸಿಗೆಯಲ್ಲೂ ಉಣ್ಣೆಯ ಸ್ವೆಟರು, ಕೈಗೆಟುಕುವಲ್ಲಿ ನೀರಿನ ಹೂಜಿ. ಚಳಿ ಹಿಡಿದರೆ, ಮೈಯಲ್ಲಿ ನೀರು ಕಡಿಮೆಯಾದರೆ, ದಣಿದರೆ, ಎತ್ತರದ ಜಾಗ ಹತ್ತಿದರೆ ಆ ಕುಡುಗೋಲುಗಳು ಎದ್ದು ಕೂರುತ್ತಿದ್ದವು. ಹೀಗಾಗಿ ಅವನು ಕಂಡ ಜಗತ್ತು ಆ ಬೀದಿಯಷ್ಟೇ ಉದ್ದ, ಆ ಅಂಗಡಿಯಷ್ಟೇ ಅಗಲ.

ಆದರೆ ದರ್ಜಿಗೆ ಜಗತ್ತು ನಡೆದುಕೊಂಡು ಬಂದು ಎದುರು ನಿಂತು ಕೈ ಎತ್ತುತ್ತದೆ. ತೊಟ್ಟಿಲ ಕೂಸಿಗೆ ಅಂಗಿ ಹೊಲಿದವನೇ ಅದು ಶಾಲೆಗೆ ಹೋಗುವಾಗ ಚಡ್ಡಿ ಹೊಲಿದ, ಮದುವೆಗೆ ಕೋಟು ಹೊಲಿದ, ಆಮೇಲೆ ಅದೇ ಕೋಟಿನ ಹೊಟ್ಟೆ ಬಿಚ್ಚಿ ಅಗಲ ಮಾಡಿದ. ಜನ ದಪ್ಪಗಾಗುವುದನ್ನು ಅವನು ಆಸೆಗಣ್ಣಿನಿಂದ ನೋಡುತ್ತಿದ್ದ. ಎಂಥ ನಿಶ್ಚಿಂತೆ! ಎಲ್ಲರ ಬಟ್ಟೆಯ ಒಳಮಡಿಕೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದ, ಮುಂದೆ ಬಿಚ್ಚಿಕೊಳ್ಳಲಿ ಎಂದು. ತನ್ನ ಅಂಗಿಗೆ ಮಾತ್ರ ಹೊಲಿಗೆಯ ಅಂಚಿಗೆ ಸರಿಯಾಗಿ ಕತ್ತರಿಸುತ್ತಿದ್ದ. ಒಳಗೆ ನೂಲಿನಷ್ಟೂ ಮಿಗಿಸುತ್ತಿರಲಿಲ್ಲ.

ಆ ಅಂಗಡಿಯಲ್ಲಿ ಇನ್ನೊಬ್ಬಳಿದ್ದಳು.

ಕಿಟಕಿಯ ಬಳಿ, ಬೆಳಕು ನೇರ ಬೀಳುವಲ್ಲಿ, ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು ಗುಂಡಿಗೆ ಕಾಜಾ ಹಾಕುವವಳು. ಬೀದಿ ಅವಳನ್ನು ‘ಕಾಜಾ ಅಕ್ಕ’ ಎನ್ನುತ್ತಿತ್ತು. ದಾರಕ್ಕೆ ಮೇಣ ಸವರಿ, ಬಟ್ಟೆ ಸೀಳಿ, ಸೀಳಿದ ಅಂಚಿಗೆ ಒಂದರ ಪಕ್ಕ ಒಂದು ಗಂಟು ಕೂರಿಸುತ್ತಾ ಹೋದಳೆಂದರೆ, ಆ ಕಾಜಾ ಅಂಗಿ ಹರಿದು ಚಿಂದಿಯಾದ ಮೇಲೂ ನಗುತ್ತಿರುತ್ತಿತ್ತು. ಇಪ್ಪತ್ತೆರಡು ವರ್ಷದವಳಿದ್ದಾಗ ಕೆಲಸಕ್ಕೆ ಬಂದಳು. ಈಗ ಐವತ್ತು ದಾಟಿದೆ. ಅಣ್ಣನ ಮನೆಯಲ್ಲಿ ವಾಸ. ಅವಳು ಅವನನ್ನು ‘ಮಾಸ್ಟರ್’ ಎನ್ನುತ್ತಿದ್ದಳು. ಅವನು ಅವಳನ್ನು ಏನೂ ಅನ್ನುತ್ತಿರಲಿಲ್ಲ. “ಕೇಳ್ತಾ?” ಎನ್ನುತ್ತಿದ್ದ, ಅವಳು ತಿರುಗುತ್ತಿದ್ದಳು. ಎದುರಿನ ಸೈಕಲ್ ರಿಪೇರಿಯವನ ಪ್ರಕಾರ ಇದು ಅಪ್ಪಟ ಗಂಡ ಹೆಂಡಿರ ಲಕ್ಷಣ. “ಮದುವೆ ಒಂದು ಬಿಟ್ಟು ಬಾಕಿ ಎಲ್ಲಾ ಆಗಿದೆ ಅವರಿಗೆ. ಜಗಳ ಸಹಿತ,” ಎಂದು ಅವನು ಟ್ಯೂಬು ನೀರಿಗೆ ಅದ್ದುತ್ತಾ ಘೋಷಿಸುತ್ತಿದ್ದ.

ಅವಳು ಬಂದ ಒಂದೆರಡು ವರ್ಷಕ್ಕೆ, ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ತಲೆ ಎತ್ತದೆ ಕೇಳಿದ್ದಳು. “ಮಾಸ್ಟರ್, ನಿಮಗೆ ಮದುವೆ ಗಿದುವೆ ಯೋಚನೆ ಇಲ್ವಾ?”

ಅವನು ಕತ್ತರಿ ಕೆಳಗಿಟ್ಟ. “ನನ್ನ ಹತ್ರ ಇರೋದು ತುಂಡು ಬಟ್ಟೆ. ಇಬ್ಬರಿಗೆ ಆಗಲ್ಲ.”

“ಅಳೆದು ನೋಡಿದ್ರಾ?”

ಅವನು ನೀರು ಕುಡಿದ. ಅವಳು ಮತ್ತೊಂದು ಕಾಜಾ ಶುರು ಮಾಡಿದಳು. ಆಮೇಲೆ ಅವಳಿಗೆ ಬಂದ ಗಂಡುಗಳನ್ನೆಲ್ಲ ಅವಳು ಒಂದೊಂದು ಕಾರಣ ಹೇಳಿ ತಳ್ಳಿದಳು. ಒಬ್ಬನ ಕಾಲರ್ ಸೊಟ್ಟ, ಒಬ್ಬನ ಗುಂಡಿ ಬೇರೆ ಬೇರೆ ಬಣ್ಣ, ಮತ್ತೊಬ್ಬ ತೋಳಿನಲ್ಲಿ ಮೂಗು ಒರೆಸಿಕೊಂಡ. ಅಣ್ಣ ತಲೆ ಚಚ್ಚಿಕೊಂಡ. ಅತ್ತಿಗೆ ಮಾತ್ರ ಅವಳ ಮುಖವನ್ನೊಮ್ಮೆ, ಅಂಗಡಿಯ ದಿಕ್ಕನ್ನೊಮ್ಮೆ ನೋಡಿ ಒಲೆಯ ಕಡೆ ತಿರುಗಿದಳು.

ಮಾಸ್ಟರ್ ಲೆಕ್ಕ ಹಾಕಿದ್ದು ಇಷ್ಟು: ಇವತ್ತೋ ನಾಳೆಯೋ ಹೋಗುವವನು, ಒಬ್ಬಳನ್ನು ಕರೆತಂದು ವಿಧವೆ ಮಾಡುವುದು ಯಾವ ನ್ಯಾಯ? ಮುಂದಿನ ವರ್ಷ ತಾನು ಇದ್ದರೆ ನೋಡೋಣ. ಮುಂದಿನ ವರ್ಷ ಬರುತ್ತಿತ್ತು, ತಾನೂ ಇರುತ್ತಿದ್ದ, ಮತ್ತೊಂದು ಮುಂದಿನ ವರ್ಷ ಕಾಣುತ್ತಿತ್ತು. ಊರಿಗೆಲ್ಲ ‘ಇವತ್ತು’ ಎಂದವನು ಈ ಒಂದು ವಿಷಯದಲ್ಲಿ ಜಗತ್ತಿನ ಉಳಿದೆಲ್ಲ ದರ್ಜಿಗಳನ್ನೂ ಮೀರಿಸಿಬಿಟ್ಟಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇವನದು ಕಟ್ಟಲೇ ಇಲ್ಲ.

ಸಂಜೆ ಅವಳು ಸೂಜಿಗಳನ್ನು ಎಣ್ಣೆಬಟ್ಟೆಯಲ್ಲಿ ಚುಚ್ಚಿಟ್ಟು, ಬೆನ್ನು ನೆಟ್ಟಗೆ ಮಾಡಿ, “ಬರ್ತೀನಿ ಮಾಸ್ಟರ್,” ಎಂದು ಹೊರಟಾಗ, ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಅವನು ಕಿಟಕಿಯ ಗಾಜು ಒರೆಸುತ್ತಿದ್ದ. ಬೀದಿಯಲ್ಲೇ ಅತ್ಯಂತ ಸ್ವಚ್ಛವಾದ ಗಾಜು ಅದು. ಅವಳಿಲ್ಲದ ಸ್ಟೂಲಿನ ಮೇಲೆ ಬೆಳಕು ಇನ್ನಷ್ಟು ಹೊತ್ತು ಕೂತಿರುತ್ತಿತ್ತು. ಅದು ಎದ್ದು ಹೋದ ಮೇಲೆ ಅವನು ಬಾಗಿಲು ಹಾಕುತ್ತಿದ್ದ.

ಹೀಗಿರುವಾಗ ಅವಳ ಅಣ್ಣ ಕೆಲಸ ಮಾಡುವ ಗೋದಾಮು ಬೆಟ್ಟದ ಮೇಲಿನ ಊರಿಗೆ ಎದ್ದು ಹೊರಟಿತು. ಅಣ್ಣ ಅತ್ತಿಗೆ ಮನೆ ಖಾಲಿ ಮಾಡಬೇಕು, ಅವಳೂ ಜೊತೆಗೆ ಹೋಗಬೇಕು. ಬಸ್ಸು ಇಡೀ ದಿನ ಹತ್ತುವಷ್ಟು ಎತ್ತರ, ವರ್ಷವೆಲ್ಲ ಹಲ್ಲು ಕಡಿಯುವ ಚಳಿ. ಚಳಿ ಮತ್ತು ಎತ್ತರ, ಎರಡೂ ಅವನ ಶತ್ರುಗಳು. ಅವಳು ಒಮ್ಮೆ ಹತ್ತಿದಳೆಂದರೆ, ನೋಡಿಬರುತ್ತೇನೆಂದು ಅವನು ಹೋಗುವ ಹಾಗಿಲ್ಲ.

ಸುದ್ದಿ ಹೇಳಿದ್ದು ಅವಳೇ, ಒಂದು ದಪ್ಪ ಕಂದು ಬಣ್ಣದ ಉಣ್ಣೆ ಬಟ್ಟೆಯನ್ನು ಮೇಜಿನ ಮೇಲಿಟ್ಟು.

“ನನಗೊಂದು ಕೋಟು ಬೇಕು ಮಾಸ್ಟರ್. ಅಲ್ಲಿ ಬಹಳ ಚಳಿಯಂತೆ.”

ಅವನು ಟೇಪು ತೆಗೆದ. ಇಷ್ಟು ವರ್ಷ ಪಕ್ಕದಲ್ಲೇ ಕೂತವಳ ಅಳತೆಯನ್ನು ಅವನು ಒಮ್ಮೆಯೂ ತೆಗೆದಿರಲಿಲ್ಲ. ತನ್ನ ಬಟ್ಟೆ ಅವಳೇ ಹೊಲಿದುಕೊಳ್ಳುತ್ತಿದ್ದಳು. ಭುಜದಿಂದ ಭುಜಕ್ಕೆ ಟೇಪು ಹಿಡಿದ. ಕುತ್ತಿಗೆಯ ಹಿಂದೆ ನರೆತ ಕೂದಲಿನ ಒಂದು ಎಳೆ ಟೇಪಿನ ಕೆಳಗೆ ಸಿಕ್ಕಿತು. ಅದನ್ನು ಬಿಡಿಸಲೋ ಬೇಡವೋ ಎಂದು ಅವನು ಎಷ್ಟು ಹೊತ್ತು ನಿಂತನೆಂದರೆ, ಅವಳು ಕೊನೆಗೆ, “ಭುಜ ಇನ್ನೂ ಅಲ್ಲೇ ಇದೆ ಮಾಸ್ಟರ್,” ಎಂದಳು.

“ಸರಿ,” ಎಂದು ಅವನು ಟೇಪು ಮಡಿಚಿದ.

“ಸಂಜೆಗೆ ಆಗತ್ತಲ್ವಾ?”

ಆಗ, ಓದುಗರೇ, ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ, ಗಡಿಯಾರ ಕಂಬದ ಹಿಂದಿನ ಬೀದಿಯ ಚರಿತ್ರೆ ಎರಡು ಹೋಳಾಯಿತು.

“ನಾಳೆ,” ಎಂದ ಇವತ್ತು ಮಾಸ್ಟರ್.

ಬಾಗಿಲಲ್ಲಿ ಪಂಪು ಹಿಡಿದು ನಿಂತಿದ್ದ ಸೈಕಲ್ ರಿಪೇರಿಯವನು ಅದನ್ನು ಕಿವಿಯಾರೆ ಕೇಳಿದ. ಸಂಜೆಯೊಳಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿ, ಎದುರುಬದುರಾಗಿ ಡಿಕ್ಕಿ ಹೊಡೆದು, ಮತ್ತೆ ವಾಪಸಾಯಿತು. ಮಾಸ್ಟರಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ಸಾಯುವ ಮುನ್ನ ಮನುಷ್ಯ ಹೀಗೆ ಬದಲಾಗುತ್ತಾನೆ ಎಂದರು ಮತ್ತೆ ಕೆಲವರು. ಉಳಿದ ದರ್ಜಿಗಳು ಮಾತ್ರ ‘ಕೊನೆಗೂ ನಮ್ಮವನಾದ’ ಎಂದು ಬೋಂಡಾ ಬಿಸ್ಕತ್ತು ಹಂಚಿಕೊಂಡರು.

ಮರುದಿನ ಕೇಳಿದಾಗ ಅವನು, “ಕಾಲರ್ ಸರಿಯಾಗಿ ಕೂತಿಲ್ಲ,” ಎಂದ. ಅದರ ಮರುದಿನ, “ತೋಳು ಎಳೀತಾ ಇದೆ.” ಒಂದು ದಿನ ಒಳಗಿನ ಅಸ್ತರಿನ ಬಣ್ಣ ಹೊಂದಲಿಲ್ಲ. ಇನ್ನೊಂದು ದಿನ ಬಣ್ಣ ಹೊಂದಿತು, ಬಟ್ಟೆ ಜಾರಿತು. ನಿಜಕ್ಕೂ ಅಂಥ ಕಾಲರನ್ನು ಅವನು ಜೀವಮಾನದಲ್ಲೇ ಕೂರಿಸಿರಲಿಲ್ಲ. ಅಷ್ಟು ಚೆನ್ನಾಗಿದ್ದುದಕ್ಕೇ ಬಿಚ್ಚಿದ. ಅವಳು ಮನೆಗೆ ಹೋದ ಮೇಲೆ ಹಗಲು ಹೊಲಿದದ್ದನ್ನು ಸಂಜೆ ಬಿಚ್ಚುತ್ತಿದ್ದ. ಆ ಕೋಟಿನ ಜೊತೆ ಹೀಗೆ ಆರಾಮಾಗಿ ಕೂತಿರುವುದರಲ್ಲಿ ಅವನಿಗೆ ಎಂದೂ ತಿಳಿಯದ ಒಂದು ಸುಖ ಸಿಕ್ಕಿತು. ಇದಕ್ಕೇ ಏನು ಜನ ನಾಳೆ ಅನ್ನುವುದು? ಒಂದು ಕೆಲಸವನ್ನು ಮುಗಿಸದೆ ಮಲಗಿದರೆ, ಬೆಳಿಗ್ಗೆ ಅದು ತನಗಾಗಿ ಕಾದಿರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಅವಳು ಕಿಟಕಿಯ ಬಳಿ ಕೂತು ಬೇರೆಯವರ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು.

ಅಣ್ಣ ಅಂಗಡಿಗೇ ಬಂದ. “ಏನ್ ಮಾಸ್ಟರ್, ಆನೆಗೆ ಹೊಲೀತಿದ್ದೀರಾ? ಲಾರಿ ಮಾತಾಡಿ ಆಗಿದೆ!”

“ಉಣ್ಣೆ ಬಟ್ಟೆ,” ಎಂದ ಮಾಸ್ಟರ್ ಗಂಭೀರವಾಗಿ. “ಅವಸರ ಮಾಡಿದ್ರೆ ಮುನಿಸಿಕೊಳ್ಳತ್ತೆ.”

ಬಿಚ್ಚುವುದು ಹೊಲಿಯುವುದು ಎಂದು ದಣಿದು, ನೀರು ಕುಡಿಯುವುದನ್ನೂ ಮರೆತು, ಅವನು ಒಂದು ಬೆಳಿಗ್ಗೆ ಮೇಜಿನ ಅಂಚು ಹಿಡಿದು ಹಾಗೇ ಕುಸಿದ. ಬೆನ್ನು, ಎದೆ, ತೊಡೆ, ಎಲ್ಲ ಕಡೆ ಒಟ್ಟಿಗೆ ಇಸ್ತ್ರಿ ಪೆಟ್ಟಿಗೆಗಳು. ಸೈಕಲ್ ರಿಪೇರಿಯವನು ಆಟೋ ತಂದ. ಕಾಜಾ ಅಕ್ಕ ಅವನ ಸ್ವೆಟರಿನ ಮೇಲೆ ಆ ಅರ್ಧ ಕೋಟನ್ನೇ ಹೊದಿಸಿ ಆಸ್ಪತ್ರೆಗೆ ಕರೆದೊಯ್ದಳು. ಕೈಗೆ ನೀರಿನ ನಳಿಗೆ, ಮೂಗಿಗೆ ಆಮ್ಲಜನಕ, ನೋವಿಗೆ ಇಂಜೆಕ್ಷನ್. ಅವನ ಅಕ್ಕ ಬಂದು ಹೆಣಿಗೆ ತೆಗೆದು ಕೂತಳು.

“ಅಕ್ಕ, ಈ ಸಲ...” ಎಂದ ಅವನು.

“ಗೊತ್ತು. ಕತ್ತರಿ ಯಾರಿಗೆ, ಯಂತ್ರ ಯಾರಿಗೆ. ಮುಂದೆ?”

“ಅದಲ್ಲ. ಈ ಸಲ ಹೋಗೋಕೆ ಮನಸ್ಸಿಲ್ಲ.”

ಅಕ್ಕನ ಕೈಯಲ್ಲಿ ಕಡ್ಡಿ ನಿಂತಿತು. ಅವಳು ಹೊದಿಕೆಯನ್ನು ಅವನ ಕುತ್ತಿಗೆಯವರೆಗೆ ಎಳೆದು ಮೂಗು ಸೀಟಿಕೊಂಡಳು.

ನೋವು ಇಳಿದ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಳು. ಅವಳ ಬಿಳಿ ಕೋಟಿನ ತೋಳು ಒಂದಿಷ್ಟು ಉದ್ದ, ಮಾಸ್ಟರ್ ಅದನ್ನೇ ನೋಡುತ್ತಿದ್ದ.

“ಸೊಂಟದ ಕೀಲು ಬದಲಾಯಿಸಲೇಬೇಕು ಅಂಕಲ್. ಹೊಸದು ಹಾಕಿದ್ರೆ ಇಪ್ಪತ್ತು ವರ್ಷ ಬರತ್ತೆ.”

“ಅಷ್ಟು ಬರೋದು ಯಾಕೆ? ಕಡಿಮೆ ಬರೋದು ಇಲ್ವಾ?”

ಅವಳು ನಗಲಿಲ್ಲ. “ನೀವು ವಯಸ್ಸಾದ ಮನುಷ್ಯ ಅಂಕಲ್. ಸಾಯ್ತಾ ಇರೋ ಹುಡುಗ ಅಲ್ಲ. ಮಾತ್ರೆ ಸರಿಯಾಗಿ ತಗೊಳ್ತೀರಿ, ನೀರು ಕುಡೀತೀರಿ. ಇನ್ನು ನಿಮಗೆ ಬೇಕಾಗಿರೋದು ಮುಪ್ಪಿನ ವ್ಯವಸ್ಥೆ. ಆಪರೇಷನ್ ಆದ ಮೇಲೆ ಕೆಲವು ವಾರ ಮನೇಲಿ ಜೊತೆಗೆ ಯಾರಾದ್ರೂ ಬೇಕು. ಯಾರಿದ್ದಾರೆ?”

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಬೆಂಚಿನ ಮೇಲೆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕಾಜಾ ಅಕ್ಕ ಗೋಡೆಗೆ ತಲೆ ಆನಿಸಿ ಕೂತಿದ್ದಳು.

“ಅಕ್ಕ ಇದ್ದಾಳೆ,” ಎಂದ.

ಮುಪ್ಪಿನ ವ್ಯವಸ್ಥೆ! ಆ ಮಾತು ಅವನನ್ನು ನೋವಿಗಿಂತ ಹೆಚ್ಚು ಕಾಡಿತು. ಮೂವತ್ತರಲ್ಲಿ ಕೇಳಿದ್ದರೆ ವಿಧವೆಯಾಗಲು ಕರೆದಂತಾಗುತ್ತಿತ್ತು ಎಂದು ಕೇಳಲಿಲ್ಲ. ಐವತ್ತಾರರಲ್ಲಿ ಕೇಳಿದರೆ ದಾದಿಯಾಗಲು ಕರೆದಂತಾಗುತ್ತದೆ. ಇವೆರಡರ ನಡುವೆ, ಬರೀ ಹೆಂಡತಿಯಾಗಲು ಕರೆಯಬಹುದಾದ ಒಂದು ವಯಸ್ಸು ಇತ್ತಲ್ಲ, ಅದು ಯಾವ ಸಂಜೆ ಆ ಕಿಟಕಿಯ ಮುಂದೆ ಹಾದುಹೋಯಿತು? ಅವನು ಗಾಜು ಒರೆಸುತ್ತಿದ್ದ. ನೋಡಲಿಲ್ಲ.

ಮನೆಗೆ ಬಂದವನು ಒಂದು ತೀರ್ಮಾನಕ್ಕೂ ಬಂದಿದ್ದ. ಕೋಟು ಮುಗಿಸಬೇಕು. ಅವಳು ಚಳಿಯಲ್ಲಿ ನಡುಗಬಾರದು.

ಲಾರಿ ಹೊರಡುವ ದಿನ ಬೆಳಿಗ್ಗೆ ಅವನು ಅಂಗಡಿ ತೆರೆದು ಕೂತ. ಈ ಸಲ ಬಿಚ್ಚಲಿಲ್ಲ. ಕಾಲರ್ ಕೂತಿತು, ತೋಳು ಕೂತಿತು, ಅಸ್ತರು ನೀರಿನ ಹಾಗೆ ಹರಿದು ಹೊಂದಿತು. ಒಳಮಡಿಕೆಯಲ್ಲಿ ಒಂದು ಗೇಣು ಬಟ್ಟೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅವಳು ಬಂದಳು. ಹೊರಗೆ ಅವಳ ಅಣ್ಣನ ಲಾರಿ ಮಂಚ, ಕಪಾಟು, ಪಾತ್ರೆಗಳನ್ನು ಹೊತ್ತು ಗುರುಗುಟ್ಟುತ್ತಾ ನಿಂತಿತ್ತು. ಬೀದಿಯವರಿಗೆಲ್ಲ ಆ ಹೊತ್ತಿಗೇ ಸರಿಯಾಗಿ ಅಂಗಡಿಯ ಮುಂದೆ ಕೆಲಸ ಬಿದ್ದಿತ್ತು.

“ಆಯ್ತು,” ಎಂದು ಮಾಸ್ಟರ್ ಕೋಟು ಚಾಚಿದ. “ಕಾಜಾ ಮಾತ್ರ ಬಾಕಿ.”

“ಅದು ನನ್ನ ಕೆಲಸ,” ಎಂದು ಅವಳು ತನ್ನ ಸ್ಟೂಲಿನ ಮೇಲೆ ಕೂತು ದಾರಕ್ಕೆ ಮೇಣ ಸವರಿದಳು.

ಮೊದಲ ಕಾಜಾ ಆಯಿತು. ಲಾರಿ ಹಾರನ್ ಹೊಡೆಯಿತು.

“ಏ, ಇನ್ನೂ ಎಷ್ಟು ಹೊತ್ತೇ?” ಎಂದು ಅಣ್ಣ ಕೂಗಿದ. “ದಾರೀಲಿ ಹಾಕ್ಕೋ ಬಾ!”

“ಲಾರೀಲಿ ಕೂತು ಹಾಕಿದ್ರೆ ತೂತು ಬೀಳೋದು ಕೋಟಿಗಲ್ಲ ಅಣ್ಣ, ನನ್ನ ಬೆರಳಿಗೆ.”

ಅವಳು ಮೊದಲ ಕಾಜಾವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆ, ಸೂಜಿಯ ತುದಿಯಿಂದ ಗಂಟೊಂದನ್ನು ಎತ್ತಿ ದಾರ ಬಿಚ್ಚತೊಡಗಿದಳು. ಸೈಕಲ್ ರಿಪೇರಿಯವನು ಪಂಪು ಕೆಳಗಿಟ್ಟ.

“ಅದು ಸರಿಯಾಗೇ ಇತ್ತು,” ಎಂದ ಮಾಸ್ಟರ್ ಮೆಲ್ಲಗೆ.

“ಇರ್ಲಿಲ್ಲ.”

“ನಾನು ನೋಡಿದೆ.”

“ಆ ಕಾಲರೂ ಸರಿಯಾಗೇ ಇತ್ತು. ನೀವು ಬಿಚ್ಚಿದ್ರಲ್ಲ, ಅದು. ನಾನೂ ನೋಡಿದ್ದೆ.”

ಮಾಸ್ಟರ್ ಹೂಜಿಯ ಕಡೆ ಕೈ ಚಾಚಿದ, ಲೋಟ ಸಿಗಲಿಲ್ಲ. ಕೋಲು ಹುಡುಕಿದ, ಅದೂ ಸಿಗಲಿಲ್ಲ. ಬರಿಗೈಯಲ್ಲಿ ನಿಂತು ಅವನು ಹೇಳಿದ, “ಹೋಗ್ಬೇಡ.”

ಅವಳು ತಲೆ ಎತ್ತಲಿಲ್ಲ.

“ಕಾಲು ಆಪರೇಷನ್ ಇದೆ. ನೋಡ್ಕೊಳ್ಳೋಕೆ ಕರೀತಿದ್ದಾನೆ ಅಂತ ಅಂದ್ಕೋಬೇಡ. ಅದಕ್ಕೆ ಅಕ್ಕ ಇದ್ದಾಳೆ.”

“ಮತ್ಯಾಕೆ?”

“ಸುಮ್ನೆ,” ಎಂದ ಅವನು. “ಇರ್ಲಿ ಅಂತ. ನೀನು.”

ಅವಳು ಸೂಜಿ ಚುಚ್ಚಿಟ್ಟು ಎದ್ದು ಬಾಗಿಲಿಗೆ ಹೋದಳು. “ಅಣ್ಣ, ನೀವು ಹೊರಡಿ.”

ಅಣ್ಣ ಬಾಯಿ ತೆರೆದ. ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದ ಅತ್ತಿಗೆ ಅವನಿಗಿಂತ ಮೊದಲು ಮಾತಾಡಿದಳು. “ನಡೀರಿ ನಡೀರಿ. ಅವಳ ಟ್ರಂಕು ಈ ಲಾರೀಲಿ ಇಲ್ವೇ ಇಲ್ಲ. ಬೆಳಿಗ್ಗೇನೇ ಮಾಸ್ಟರ ಅಕ್ಕ ಬಂದು ತಮ್ಮ ಮನೆಗೆ ಹೊರಿಸಿಕೊಂಡು ಹೋದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಊರಿಗೆಲ್ಲ ಹೇಳ್ತಿದ್ರಿ.”

ಬೀದಿ ಚಪ್ಪಾಳೆ ತಟ್ಟಿತು. ಲಾರಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಬೇಕಾದದ್ದು ಕೈಗೆ ಬಂದ ಹೊತ್ತಿನಲ್ಲೇ, ಬಾರದೆ ಹೋದ ವರ್ಷಗಳೆಲ್ಲ ಅವಳಿಗೆ ಒಟ್ಟಿಗೆ ನೆನಪಾದವು. ಕಪ್ಪು ಕೂದಲಿನ ವರ್ಷಗಳು, ಇವನು ಕೋಲಿಲ್ಲದೆ ನಡೆಯುತ್ತಿದ್ದ ವರ್ಷಗಳು, ಆಗಬಹುದಾಗಿದ್ದ ಒಂದು ಮನೆ, ಅದರ ಗಲಾಟೆ. ಅವಳು ತಿರುಗಿದಾಗ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟು.

“ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ನಲ್ಲ ನಾನು. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡಬಾರದಿತ್ತಾ? ಏನಾಗಿತ್ತು ನಿಮಗೆ?”

ಬೀದಿ ಉಸಿರು ಬಿಗಿಹಿಡಿಯಿತು. ಮುಂದೆ ಮಕ್ಕಳು ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದಾದಂಥ ಒಂದು ಮಹಾವಾಕ್ಯ ಈಗ ಬರುತ್ತದೆಂದು ಸೈಕಲ್ ರಿಪೇರಿಯವನು ಕಿಟಕಿಗೇ ಕಿವಿ ಹಚ್ಚಿದ.

ಮಾಸ್ಟರ್ ಸ್ವೆಟರಿನ ಅಂಚನ್ನು ಎಳೆದುಕೊಂಡ.

“ಸತ್ತುಹೋಗ್ತೀನಿ ಅಂದ್ಕೊಂಡಿದ್ದೆ,” ಎಂದ.